ಕ್ಯಾಸೆಟ್ಟಿನಲ್ಲಿ ಒಂದು ಬಿಕ್ಕಳಿಕೆ

ಹೇಮಶ್ರೀ ಆಂಟಿ ಬಾಗಿಲನ್ನು ಅರ್ಧ ಮಾತ್ರ ತೆಗೆದರು. ಹೊರಗೆ ನಿಂತಿದ್ದ ಲಾಸ್ಯಳನ್ನು ನೋಡಿ ನಕ್ಕರು. ಅವಳ ಹಿಂದೆ ಚೀಲ ಹಿಡಿದು ನಿಂತಿದ್ದ ಮೃತ್ಯುಂಜಯ ಚಿಕ್ಕಪ್ಪನನ್ನು ನೋಡಿದ್ದೇ ತಡ, ನಗು ಮಾಯವಾಯಿತು.

"ಮತ್ತೆ ಬಂದ್ರಾ?"

"ಒಂದು ಸಣ್ಣ ರಿಪೇರಿ ಇತ್ತು ಕಣ್ರೀ," ಎಂದ ಚಿಕ್ಕಪ್ಪ. "ನಿಮ್ಮ ಕ್ಯಾಸೆಟ್ ಕೊಟ್ರೆ ಸಂಜೆ ಒಳಗೆ ವಾಪಸ್ ತಂದ್ಕೊಡ್ತೀನಿ. ಈ ಸಲ ಕೊಳಲು ಹಾಕಿದ್ದೀನಿ."

"ಹೋದ್ಸಲ ಗೆಜ್ಜೆ ಹಾಕಿದ್ರಿ!"

"ಗೆಜ್ಜೆ ಜಾಸ್ತಿ ಆಗಿತ್ತು. ತೆಗೆದ್ಬಿಟ್ಟೆ."

"ಅಯ್ಯೋ, ಕ್ಯಾಸೆಟ್ ಮನೇಲಿಲ್ವಲ್ಲ. ನಮ್ಮಮ್ಮ ನಂಜನಗೂಡಿಗೆ ತಗೊಂಡು ಹೋದ್ರು," ಎಂದರು ಆಂಟಿ.

ಅವರು ಹಾಗೆನ್ನುವುದಕ್ಕೂ ಒಳಗಿನಿಂದ ಗೆಜ್ಜೆ ಸಮೇತ ಹಾಡು ಶುರುವಾಗುವುದಕ್ಕೂ ಸರಿಹೋಯಿತು. ಆಂಟಿಯ ಮಗ ಟೇಪ್ ರೆಕಾರ್ಡರ್ ಆನ್ ಮಾಡಿದ್ದ. ಆಂಟಿ ಒಳಗೆ ಹೋದರು, ಕ್ಯಾಸೆಟ್ ತಂದು ಚಿಕ್ಕಪ್ಪನ ಕೈಗೆ ಕೊಟ್ಟರು, ಬಾಗಿಲು ಹಾಕಿಕೊಂಡರು.

ಇದು ಕ್ಯಾಸೆಟ್ಟುಗಳ ಕಾಲದ ಮಾತು. ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ ಮೃತ್ಯುಂಜಯ ಚಿಕ್ಕಪ್ಪನಿಗೆ ಹಗಲು ಬ್ಯಾಂಕಿನಲ್ಲಿ ಕೆಲಸ, ಸಂಜೆ ಹಾರ್ಮೋನಿಯಂ. ಮಕ್ಕಳಿಗೆಂದು ತಾನೇ ಹಾಡು ಕಟ್ಟಿ, ಅಣ್ಣನ ಮಗಳು ಲಾಸ್ಯಳಿಂದ ಹಾಡಿಸಿ, ನಡುಮನೆಯಲ್ಲೇ ರೆಕಾರ್ಡ್ ಮಾಡಿ, 'ಬೆಲ್ಲದುಂಡೆ' ಎಂದು ಹೆಸರಿಟ್ಟು ಸುತ್ತಮುತ್ತಲ ಬೀದಿಯವರಿಗೆಲ್ಲ ಹಂಚಿದ್ದ. ಹಂಚಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮಾರನೆಯ ದಿನದಿಂದಲೇ ಅವನಿಗೆ ತಪ್ಪುಗಳು ಕೇಳಿಸತೊಡಗಿದವು. ಇಲ್ಲಿ ತಬಲಾ ನಿಧಾನವಾಯಿತು, ಅಲ್ಲಿ ಶ್ರುತಿ ಜಾರಿತು. ಊಟಕ್ಕೆ ಕೂತರೂ ಅದೇ ಗೊಣಗಾಟ. ಕೊನೆಗೆ ಎಲ್ಲವನ್ನೂ ಹೊಸದಾಗಿ ರೆಕಾರ್ಡ್ ಮಾಡಿ, ಮನೆಮನೆಯಿಂದ ಹಳೆಯ ಕ್ಯಾಸೆಟ್ ವಾಪಸ್ ತಂದು, ಅದರ ಮೇಲೆಯೇ ಹೊಸದನ್ನು ತುಂಬಿಸಿ ಕೊಟ್ಟ. ಅದಾದ ಮೇಲೆ ಇನ್ನೊಂದು ಸಲ.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಮೊದಲು ಹಂಚುವಾಗ "ನಮ್ಮ ಹಾಡು ಯಾರೂ ಅಳಿಸಬಾರದು" ಎಂದು ಚಿಕ್ಕಪ್ಪನೇ ಎಲ್ಲ ಚೂರುಗಳನ್ನೂ ಪಟಪಟನೆ ಮುರಿದಿದ್ದ. ಈಗ ಆ ತೂತುಗಳಿಗೆ ಸೆಲ್ಲೋಟೇಪ್ ಅಂಟಿಸಿ ತಾನೇ ಅಳಿಸುತ್ತಿದ್ದ. ಅಂಟಿಸುವ ಕೆಲಸ ಲಾಸ್ಯಳದು.

ಬೇರೆ ಯಾರಾದರೂ ಆಗಿದ್ದರೆ ಈ ಕೆಲಸಕ್ಕೆ ಬೇಸರ ಪಡುತ್ತಿದ್ದರು. ಲಾಸ್ಯ ಮಾತ್ರ ಖುಷಿಯಿಂದ ಅಂಟಿಸುತ್ತಿದ್ದಳು. ಅವಳಿಗೂ ಒಂದು ವಿಷಯ ಅಳಿಸಬೇಕಿತ್ತು.

ಅದು ಅವಳ ಬಿಕ್ಕಳಿಕೆ.

ಮೊದಲ ರೆಕಾರ್ಡಿಂಗ್ ದಿನ ಅವಳು ಎರಡು ಚಕ್ಕುಲಿಗಳನ್ನು ಗಬಗಬನೆ ತಿಂದು ಹಾಡಲು ಕೂತಿದ್ದಳು.

"ಕುಂಬಳಕಾಯಿ ಮಾಮ, ಚಪ್ಪರ ಹತ್ತಿ ಕೂತ,
ಮುರಿದೀತು ಚಪ್ಪರ, ಇಳಿಯೋ... ಹಿಕ್! ಅಂದ ತಾತ."

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅಡುಗೆಮನೆಯಿಂದ ಶಾಂತಾದೇವಿ ಅಜ್ಜಿ, ರೆಕಾರ್ಡಿಂಗ್ ನಡೆಯುತ್ತಿದೆ ಅನ್ನುವುದನ್ನೇ ಮರೆತು, "ನೀರು ಕುಡಿ ಮಗಾ!" ಎಂದು ಕೂಗಿದ್ದಳು. ಕರೆಂಟ್ ಹೋಗುವ ಹೊತ್ತಾಗಿತ್ತು. "ಇರ್ಲಿ ಬಿಡು, ಮುಂದಕ್ಕೆ ಹಾಡು," ಎಂದು ಚಿಕ್ಕಪ್ಪ ಕೈಸನ್ನೆ ಮಾಡಿದ್ದ. ಬಿಕ್ಕಳಿಕೆಯೂ ಅಜ್ಜಿಯೂ ಕ್ಯಾಸೆಟ್ಟಿನೊಳಗೇ ಉಳಿದರು.

ಅಂದಿನಿಂದ ಐದನೇ ಕ್ಲಾಸಿನಲ್ಲಿ ಲಾಸ್ಯಳ ಹೆಸರು ಹಿಕ್ ಲಾಸ್ಯ. ಹಾಜರಿ ಕೂಗಿದಾಗ ಅವಳು "ಎಸ್ ಮಿಸ್" ಎಂದರೆ ಹಿಂದಿನ ಬೆಂಚಿನಿಂದ "ಹಿಕ್!" ಎಂದು ಕೇಳಿಸುತ್ತಿತ್ತು. ಅದು ವಸಂತ್. ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ಅಳು ಬರುತ್ತಿತ್ತು. ಸ್ಕೂಲ್ ಡೇಗೆ ಹಾಡು ಎಂದು ಮಿಸ್ ಕರೆದರೆ "ಗಂಟಲು ನೋವು ಮಿಸ್" ಎಂದು ಸುಳ್ಳು ಹೇಳಿದ್ದಳು.

ಚಿಕ್ಕಪ್ಪನ ರಿಪೇರಿಯಲ್ಲಿ ಬಿಕ್ಕಳಿಕೆ ಹೋಯಿತು. ಅವಳ ಎದೆ ಹಗುರವಾಯಿತು. ಆದರೆ ಅಜ್ಜಿ ಮುಖ ಊದಿಸಿಕೊಂಡಳು.

"ನನ್ನ ಪಾರ್ಟ್ ಯಾಕೋ ತೆಗೆದೆ?"

"ಅದು ಪಾರ್ಟ್ ಅಲ್ಲಮ್ಮ, ಮಿಸ್ಟೇಕು."

"ಭಜನೆ ಮನೇಲಿ ಎಲ್ಲರಿಗೂ ಹೇಳಿದ್ದೀನಿ, ನಾನೂ ಕ್ಯಾಸೆಟ್ಟಲ್ಲಿ ಇದ್ದೀನಿ ಅಂತ. ಈಗ ಅವರಿಗೆ ಏನಂತ ಹೇಳ್ಲಿ?"

"ಅಮ್ಮ, ದೋಸೆ ಸೀದು ಹೋದ್ರೆ ನೀನು ಇನ್ನೊಂದು ಹುಯ್ಯಲ್ವಾ?"

"ಹುಯ್ತೀನಪ್ಪ. ಅದಕ್ಕೆ ತಿಂದೋರ ಹೊಟ್ಟೆಯಿಂದ ಹಳೇ ದೋಸೆ ವಾಪಸ್ ಕೇಳಲ್ಲ!"

ಚಿಕ್ಕಪ್ಪ ಹಾರ್ಮೋನಿಯಂ ಒರೆಸತೊಡಗಿದ.

ಇಷ್ಟೆಲ್ಲ ಆದರೂ ವಸಂತನ "ಹಿಕ್" ನಿಲ್ಲಲಿಲ್ಲ. ಒಂದು ದಿನ ಲಾಸ್ಯ ಅವನನ್ನು ಗೇಟಿನ ಹತ್ತಿರ ತಡೆದು ನಿಲ್ಲಿಸಿದಳು.

"ಎಲ್ಲರ ಮನೇಲೂ ಅಳಿಸಾಯ್ತು. ನಿಂಗಿನ್ನೂ ಹೆಂಗೋ ನೆನಪಿದೆ?"

"ನಮ್ಮನೇಲಿ ಅಳಿಸಿಲ್ವಲ್ಲ! ನೀವು ಬಂದಾಗೆಲ್ಲ ನಾವು ಊರಿಗೆ ಹೋಗಿದ್ವಿ. ದಿನಾ ಕೇಳ್ತೀವಿ."

ದಿನಾ! ಲಾಸ್ಯಳ ಮುಖಕ್ಕೆ ರಕ್ತ ನುಗ್ಗಿತು. ಒಂದು ಮನೆಯವರೆಲ್ಲ ಸೇರಿ ದಿನಾ ತನ್ನನ್ನು ನೋಡಿ ನಗುತ್ತಿದ್ದಾರೆ ಎಂದುಕೊಂಡಳು.

ವಿಷಯ ತಿಳಿದ ಚಿಕ್ಕಪ್ಪ ಕೂಡಲೇ ಕೊಳಲಿನ ಹೊಸ ಕ್ಯಾಸೆಟ್ ತೆಗೆದು ಕೊಟ್ಟ. "ಇದನ್ನ ಕೊಟ್ಟು ಹಳೇದನ್ನ ಇಸ್ಕೊಂಡು ಬಾ. ಅದೊಂದೇ ಬಾಕಿ ಇರೋದು. ನಮ್ಮನೆ ಕ್ಯಾಸೆಟ್ಟಲ್ಲೂ ಹಳೇದು ಉಳಿದಿಲ್ಲ. ನೀನೊಬ್ಬಳೇ ಹೋಗು, ನನ್ನ ಕಂಡ್ರೆ ಜನ ಕ್ಯಾಸೆಟ್ ಬಚ್ಚಿಡ್ತಾರೆ."

ವಸಂತನ ಮನೆ ಎರಡು ರಸ್ತೆ ಆಚೆ. ಅವನ ಅಪ್ಪ ಹೆಬ್ಬಾಳದ ಫ್ಯಾಕ್ಟರಿಯ ಶಿಫ್ಟಿಗೆ ಹೋಗಿದ್ದರು. ಅವನ ತಾತ ಜವರಯ್ಯ ಗೋಡೆಗೊರಗಿ ಕೂತಿದ್ದರು. ಅವರ ಅಂಗಿಯ ಎದೆಭಾಗವೆಲ್ಲ ಒದ್ದೆಯಾಗಿತ್ತು. ವಸಂತನ ಪುಟ್ಟ ತಂಗಿ ಪುಟ್ಟಿ, ಕೈಯಲ್ಲೊಂದು ಸ್ಟೀಲ್ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಆಂಟಿ, ಹೊಸ ಕ್ಯಾಸೆಟ್. ಹಳೇದು ಕೊಡ್ಬೇಕಂತೆ," ಎಂದಳು ಲಾಸ್ಯ.

ವಸಂತನ ಅಮ್ಮ ಸುಮಾ ಆಂಟಿ ಹಳೆಯದನ್ನು ತೆಗೆದುಕೊಟ್ಟು ಹೊಸದನ್ನು ಟೇಪ್ ರೆಕಾರ್ಡರಿಗೆ ಹಾಕಿದರು. ಹಳೆಯದು ಕೈಗೆ ಬಂದದ್ದೇ ತಡ, ಲಾಸ್ಯ ಜೇಬಿನಿಂದ ಸೆಲ್ಲೋಟೇಪ್ ತೆಗೆದು ಎರಡೂ ತೂತುಗಳನ್ನು ಮುಚ್ಚಿಬಿಟ್ಟಳು. ಇನ್ನು ಮನೆಗೆ ಹೋಗಿ ಅಳಿಸುವುದೊಂದೇ ಬಾಕಿ.

ಹಾಡು ಶುರುವಾಯಿತು. ಕೊಳಲು ಚೆನ್ನಾಗಿಯೇ ಇತ್ತು. ಪುಟ್ಟಿ ಲೋಟ ಗಟ್ಟಿಯಾಗಿ ಹಿಡಿದು ಓಟಕ್ಕೆ ನಿಂತವಳಂತೆ ಒಂದು ಕಾಲು ಮುಂದಿಟ್ಟಳು. ತಾತ ಕಣ್ಣು ಮುಚ್ಚಿ ಸಿದ್ಧರಾದರು.

"ಮುರಿದೀತು ಚಪ್ಪರ, ಇಳಿಯೋ ಅಂದ ತಾತ."

ಹಾಡು ಮುಂದಕ್ಕೆ ಹೋಯಿತು. ತಾತ ಒಂದು ಕಣ್ಣು ತೆರೆದರು. ಪುಟ್ಟಿ ಟೇಪ್ ರೆಕಾರ್ಡರಿನ ಹತ್ತಿರ ಹೋಗಿ ಅದಕ್ಕೆ ಕಿವಿ ಹಚ್ಚಿದಳು. ಆಮೇಲೆ ಅದರ ಹಿಂದೆ ಬಗ್ಗಿ ನೋಡಿದಳು.

"ಅಜ್ಜಿ ಎಲ್ಲಿ?" ಎಂದಳು.

"ಯಾವ ಅಜ್ಜಿ?" ಲಾಸ್ಯಳಿಗೆ ಅರ್ಥವಾಗಲಿಲ್ಲ.

"ನೀರು ಕುಡಿ ಅನ್ನೋ ಅಜ್ಜಿ ಕಣವ್ವ," ಎಂದರು ಜವರಯ್ಯ. "ಹಾಡಲ್ಲಿ ತಾತಂಗೆ ಬಿಕ್ಕಳಿಕೆ ಬತ್ತದಲ್ಲ, ಆಗ ನಾನೂ ಬಿಕ್ಕಳಿಸ್ಬೇಕು. ಅಜ್ಜಿ ಕೂಗಿದ ತಕ್ಷಣ ಇವ್ಳು ನೀರು ತಂದು ಕುಡುಸ್ತಾಳೆ. ದಿನಾ ಇದೇ ಆಟ. ಅರ್ಧ ನೀರು ಬಾಯಿಗೆ, ಅರ್ಧ ಅಂಗಿಗೆ. ಎಂಗೆ ನೆಂದಿದ್ದೀನಿ ನೋಡು!"

"ಅದು ತಾತನ ಬಿಕ್ಕಳಿಕೆ ಅಲ್ಲ. ನಂದು," ಎಂದಳು ಲಾಸ್ಯ ಮೆಲ್ಲಗೆ.

"ಹೌದಾ? ನಾವೆಲ್ಲ ಬೇಕಂತಲೇ ಹಾಕಿರೋದು ಅಂದ್ಕೊಂಡಿದ್ವಿ," ಎಂದರು ಸುಮಾ ಆಂಟಿ. "ಆ ಕ್ಯಾಸೆಟ್ಟಲ್ಲಿ ಅದೇ ಚೆನ್ನಾಗಿರೋದು."

ವಸಂತ್ ನೆಲ ನೋಡುತ್ತಾ ನಿಂತಿದ್ದ. "ನಾನು ಅದಕ್ಕೇ ಕಣೇ ಸ್ಕೂಲಲ್ಲಿ..." ಎಂದ. ಕಿವಿ ತುರಿಸಿಕೊಂಡ.

ಪುಟ್ಟಿ ಮಾತ್ರ ಇನ್ನೂ ಕಾಯುತ್ತಿದ್ದಳು. ಹಾಡು ತಿರುಗಿ ಅದೇ ಸಾಲಿಗೆ ಬಂತು. ಅವಳು ಮತ್ತೆ ಕಾಲು ಮುಂದಿಟ್ಟಳು. ಇನ್ನೇನು ಅಳುವವಳಂತೆ ಕೆಳತುಟಿ ಮುಂದಕ್ಕೆ ಬಂದಿತ್ತು.

"ಮುರಿದೀತು ಚಪ್ಪರ, ಇಳಿಯೋ..."

"ಹಿಕ್!" ಎಂದಳು ಲಾಸ್ಯ.

ಜೋರಾಗಿಯೇ ಬಂತು. ಪುಟ್ಟಿ ಕೇಕೆ ಹಾಕಿಕೊಂಡು ಓಡಿಬಂದು ಲೋಟವನ್ನು ಅವಳ ಬಾಯಿಗೆ ಹಿಡಿದಳು. ಅರ್ಧ ನೀರು ಬಾಯಿಗೆ ಹೋಯಿತು, ಅರ್ಧ ಫ್ರಾಕಿಗೆ. ಜವರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಲಾಸ್ಯಳೂ ನಕ್ಕಳು. ಎಷ್ಟು ನಕ್ಕಳೆಂದರೆ ನಿಜವಾದ ಬಿಕ್ಕಳಿಕೆಯೇ ಶುರುವಾಯಿತು.

ಬಿಕ್ಕಳಿಕೆ ನಿಂತ ಮೇಲೆ ಅವಳು ಹಳೆಯ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡು ಉಗುರಿನಿಂದ ಸೆಲ್ಲೋಟೇಪ್ ಎಬ್ಬಿಸತೊಡಗಿದಳು. ಅಂಟಿಸುವಾಗ ಎಷ್ಟು ಸುಲಭವಾಗಿತ್ತು! ಕೀಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಎರಡೂ ತೂತುಗಳು ಮೊದಲಿನಂತೆ ತೆರೆದುಕೊಂಡ ಮೇಲೆ ಕ್ಯಾಸೆಟ್ಟನ್ನು ಪುಟ್ಟಿಯ ಕೈಗೆ ಕೊಟ್ಟಳು.

ಮನೆಯಲ್ಲಿ ಚಿಕ್ಕಪ್ಪ ಬಾಗಿಲಲ್ಲೇ ನಿಂತಿದ್ದ.

"ತಂದ್ಯಾ?"

"ಇಲ್ಲ. ಕೊಡಲ್ಲ."

"ಯಾರು, ಆ ವಸಂತನಾ?"

"ಅಲ್ಲ. ನಾನು."

ಲಾಸ್ಯ ಒಳಗೆ ಹೋದಳು. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಪಕ್ಕ ಕೂತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು.

"ಅಜ್ಜಿ, ವಸಂತ್ ಮನೇಲಿ ನೀನಿನ್ನೂ ಇದ್ದೀಯ. ಅವರ ತಾತಂಗೆ ದಿನಾ ನೀರು ಕುಡಿಸ್ತಾ ಇದ್ದೀಯ."

ಅಜ್ಜಿಯ ಕೈ ನಿಂತಿತು. ಕಷ್ಟಪಟ್ಟು ಮುಖ ಬಿಗಿಹಿಡಿದು ಕೇಳಿದಳು: "ನನ್ನ ದನಿ ಚೆನ್ನಾಗಿ ಕೇಳ್ಸುತ್ತಾ?"

"ಬೀದಿವರೆಗೂ ಕೇಳ್ಸುತ್ತಂತೆ."

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಮೃತ್ಯುಂಜಯಾ, ಇನ್ನು ಆ ಮನೆ ಕಡೆ ತಲೆ ಹಾಕ್ಬೇಡ, ನೋಡು!" ಎಂದು ನಡುಮನೆಯ ಕಡೆಗೆ ಕೂಗಿದಳು. ಕೊಳಲು ಹೆಚ್ಚಾಯಿತೇನೋ ಎಂದು ಚಿಕ್ಕಪ್ಪ ಗೊಣಗಿಕೊಳ್ಳುವುದು ಮಾತ್ರ ಕೇಳಿಸಿತು.

ಮಾರನೆಯ ದಿನ ಸ್ಕೂಲಿನ ಗೇಟಿನಲ್ಲಿ ವಸಂತ್ ಲಾಸ್ಯಳನ್ನು ಕಂಡ. ಕೂಗಲೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿ, ಮೆಲ್ಲಗೆ "ಹಿಕ್" ಎಂದ.

ಲಾಸ್ಯ ನಿಂತಳು. ಬ್ಯಾಗಿನಿಂದ ವಾಟರ್ ಬಾಟಲ್ ತೆಗೆದು ಅವನ ಕೈಗಿಟ್ಟಳು.

"ನೀರು ಕುಡಿ ಮಗಾ!" ಎಂದು ಥೇಟ್ ಅಜ್ಜಿಯ ದನಿಯಲ್ಲೇ ಕೂಗಿ, ಮಿಸ್ ಹತ್ತಿರ ಹೋದಳು. ಸ್ಕೂಲ್ ಡೇಗೆ ಹಾಡುವವರ ಹೆಸರು ಇನ್ನೂ ಬರೆದುಕೊಳ್ಳುತ್ತಿದ್ದರು.