ಕಂಪ್ಯೂಟರಿಗೆ ಬಳಿದ ವಿಭೂತಿ

ಬಿಂದುಶ್ರೀ ಗುಂಡಿ ಒತ್ತಿದಳು. ಪೆಟ್ಟಿಗೆಯೊಳಗೆ ಫ್ಯಾನು ತಿರುಗಿತು. ಹಸಿರು ದೀಪ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಆಮೇಲೆ ಒಳಗಿನಿಂದ ಉದ್ದನೆಯ ಕೂಗು ಶುರುವಾಯಿತು. ಒಂದಿಷ್ಟು ಕೂಗುವುದು, ನಿಲ್ಲಿಸುವುದು, ಮತ್ತೆ ಕೂಗುವುದು.

ಅವತ್ತು ವಿಜಯದಶಮಿ. ಹಿಂದಿನ ದಿನ ಪುಟ್ಟೇನಹಳ್ಳಿಯ ಆ ಮನೆಯಲ್ಲಿ ಆಯುಧಪೂಜೆ ಜೋರಾಗಿ ನಡೆದಿತ್ತು. ಟೆಂಪೊ, ಸ್ಕೂಟರು, ಮಿಕ್ಸಿ, ಹಳೇ ಕುಡುಗೋಲು, ಯಾವುದನ್ನೂ ಬಿಟ್ಟಿರಲಿಲ್ಲ. ಕಂಪ್ಯೂಟರಿಗೂ ಹೂವು ಏರಿತ್ತು. ಪೂಜೆಗೆ ಕೂತದ್ದನ್ನು ಅವತ್ತು ಬಳಸುವಂತಿಲ್ಲ ಎಂದು ಹುಡುಗಿ ದಿನವೆಲ್ಲ ಅದನ್ನು ಮುಟ್ಟಿರಲಿಲ್ಲ. ಕಾದದ್ದಕ್ಕೆ ಸಿಕ್ಕ ಫಲ ಇದು.

ಅಂಗಡಿಯ ಶಶಿಧರನಿಗೆ ಫೋನು ಹೋಯಿತು. ಜೆ.ಪಿ. ನಗರದಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವವನು ಅವನೇ. ಹಬ್ಬದ ಊಟ ಬಿಟ್ಟು ಬಂದವನು ಪೆಟ್ಟಿಗೆಯ ಪಕ್ಕದ ತಗಡನ್ನು ಸರಿಸಿ, ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ.

"ರ್ಯಾಮ್ ಇಲ್ಲ ಸಾರ್."

"ಇಲ್ಲ ಅಂದ್ರೆ?" ಎಂದರು ಸಂಜೀವಯ್ಯ. ಬಿಂದುಶ್ರೀಯ ಅಪ್ಪ, ಮನೆಯ ಯಜಮಾನರು. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆಯುತ್ತಿದ್ದವರು. ಹೊಲ ಲೇಔಟಾದ ಮೇಲೆ ಬಾಡಿಗೆ ಮನೆ ಕಟ್ಟಿ ಓನರ್ ಆಗಿದ್ದರು.

"ಒಂದು ಹಸಿರು ಪಟ್ಟಿ ಇರುತ್ತೆ ಸಾರ್. ಅದಿಲ್ದಿದ್ರೆ ಕಂಪ್ಯೂಟರ್ ಏಳೋದೇ ಇಲ್ಲ, ಹಿಂಗೇ ಕೂಗ್ತಾ ಇರುತ್ತೆ. ಯಾರೋ ಕಿತ್ತಿದಾರೆ. ಅದೂ ಗೊತ್ತಿರೋರೇ. ಎರಡೂ ಕಡೆ ಬಿಳೀ ಕ್ಲಿಪ್ ನೀಟಾಗಿ ಬಿಚ್ಚಿದಾರೆ ನೋಡಿ. ಗೊತ್ತಿಲ್ದೋರು ಎಳೆದು ಮುರೀತಿದ್ರು."

ಸಂಜೀವಯ್ಯ ತಗಡನ್ನು ಕೈಗೆತ್ತಿಕೊಂಡರು. ಅದರ ಅಂಚಿನಲ್ಲಿ ಬೆಳ್ಳಗೆ ವಿಭೂತಿ ಬಳಿದಿತ್ತು.

"ಮಗಾ, ನೀನು ಏನಿಟ್ಟಿದ್ದೆ ಇಲ್ಲಿ?"

"ಅರಿಶಿನ ಕುಂಕುಮ ಅಪ್ಪ."

ಸಂಜೀವಯ್ಯ ತಲೆ ಎತ್ತಿ ಸೂರಿನ ಕಡೆ ನೋಡಿದರು. ಮೇಲಿನ ಕೋಣೆಯಲ್ಲಿ ಬಾಗಲಕೋಟೆ ಕಡೆಯ ದಾನಮ್ಮ ಬಾಡಿಗೆಗಿದ್ದಳು. ಬಿ.ಟಿ.ಎಂ. ಲೇಔಟಿನ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ. ಹಣೆಯ ಮೇಲೆ ದಿನವೂ ವಿಭೂತಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾಯಮಾನದ ಮನುಷ್ಯರಿಗೆ ಇದಕ್ಕಿಂತ ಸಾಕ್ಷಿ ಬೇಕೆ? ಚಪ್ಪಲಿ ಮೆಟ್ಟಿ ಮೆಟ್ಟಿಲು ಹತ್ತಿಯೇ ಬಿಟ್ಟರು.

*

ಟ್ರಂಕು ದಡಾರನೆ ನೆಲಕ್ಕೆ ಬಿದ್ದ ಸದ್ದಿಗೆ ಪಕ್ಕದ ಕೋಣೆಯ ವಾರಿಜಾ ಬಾಗಿಲು ತೆಗೆದಳು.

ವಾರಿಜಾ ಸಂಜೆ ಪತ್ರಿಕೆಯೊಂದರ ಕ್ರೈಂ ವರದಿಗಾರ್ತಿ. ನಲವತ್ತರ ಹತ್ತಿರ. ಮದುವೆ ಆಗಿಲ್ಲ, ಆಗಲಿಲ್ಲ ಅಂತ ಬೇಜಾರೂ ಇಲ್ಲ. ಹಬ್ಬದ ದಿನ ಮಾತ್ರ ಬೇಜಾರು. ಪತ್ರಿಕೆಗೆ ರಜೆ, ಮೆಸ್ಸಿಗೆ ರಜೆ, ಫೋನಿಗೂ ರಜೆ. ಅವತ್ತು ಬೆಳಿಗ್ಗೆಯಿಂದ ಅವಳು ಯಾರ ಜೊತೆಗೂ ಒಂದು ಮಾತೂ ಆಡಿರಲಿಲ್ಲ. ಬಾಯಿ ಬಿಟ್ಟಾಗ ಸ್ವರ ಒಡೆದು ಬಂತು.

"ಏನಾಯ್ತು ಸಂಜೀವಯ್ಯನೋರೇ?"

"ಕಳ್ಳತನ ಆಗಿದೆ ಮೇಡಂ. ಕಂಪ್ಯೂಟರಿನ ರ್ಯಾಮ್ ಕಿತ್ತಿದಾರೆ, ತಗಡಿಗೆ ಇವಳ ವಿಭೂತಿ ಅಂಟಿದೆ. ಸಂಜೆ ಒಳಗೆ ಈ ಹುಡುಗಿ ಮನೆ ಖಾಲಿ ಮಾಡ್ಬೇಕು. ಮಾಲು ಕೊಡ್ಲಿಲ್ಲ ಅಂದ್ರೆ ಸ್ಟೇಷನ್ನಿಗೆ ಕಂಪ್ಲೇಂಟು, ಇವಳ ಅಣ್ಣನಿಗೆ ಫೋನು."

ಟ್ರಂಕಿನ ಸೀರೆಗಳೆಲ್ಲ ನೆಲದ ಮೇಲಿದ್ದವು. ದಾನಮ್ಮ ಗೋಡೆಗೆ ಆತು ನಿಂತಿದ್ದಳು. ಸಂಜೀವಯ್ಯ ಇಳಿದು ಹೋದ ಮೇಲೆ ಕುಸಿದು ಕೂತಳು.

"ನಾ ಮುಟ್ಟಿಲ್ರಿ ಅಕ್ಕಾರ. ಸ್ಟೇಷನ್ನಿಗೆ ಹೋಗಲಿ, ಅಂಜಂಗಿಲ್ಲ. ಅಣ್ಣಗ ಫೋನ್ ಹೋದ್ರ ಮುಗೀತು. ಒಂದು ಮಾತು ಬಂತಂದ್ರ ಊರಿಗೆ ಎಳಕೊಂಡು ಹೋಗ್ತೀನಿ ಅಂತ ಹೇಳೇ ಕಳಿಸ್ಯಾನ. ಮತ್ತ ಹೊರಗ ಬಿಡಂಗಿಲ್ಲ."

"ಕೆಳಗಿನ ಕಂಪ್ಯೂಟರ್ ಬಿಚ್ಚೋದು ನಿಂಗೆ ಗೊತ್ತಲ್ವಾ?"

"ಗೊತ್ತೈತ್ರಿ. ಮೊದಲ ಪದೇ ಪದೇ ಕೆಡತಿತ್ತು. ಬಿಂದು ಓಡಿ ಬಂದು ಕರೀತಿದ್ಲು. ನಾ ಹೋಗಿ ಆ ಪಟ್ಟಿ ತಗದು, ಪೆನ್ಸಿಲ್ ರಬ್ಬರಲೆ ತಿಕ್ಕಿ ಹಾಕಿದ್ರ ಚಾಲೂ ಆಗತಿತ್ತು. ಆಯಿ ಬ್ಯಾಟರಿ ಹಿಡೀತಿದ್ರು. ಆಮ್ಯಾಲ ಉಣ್ಣಾಕ ಕೂಡಸತಿದ್ರು."

ಆಯಿ ಅಂದರೆ ಅಕ್ಕಯಮ್ಮ, ಸಂಜೀವಯ್ಯನವರ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವರು. ತಮ್ಮನ ಹೆಂಡತಿಯೂ ತೀರಿಹೋದ ಮೇಲೆ ಬಿಂದುಶ್ರೀಯನ್ನು ಎತ್ತಿ ಆಡಿಸಿ ಬೆಳೆಸಿದವರು ಇವರೇ.

"ಈಗ ಹೋಗಲ್ವಾ?"

"ಶಶಿಧರ್ ಹೊಸಾ ಪಟ್ಟಿ ಹಾಕಿದ್ರು. ಕೆಡೂದು ನಿಂತು. ಯಾರೂ ಕರೀಲಿಲ್ಲ, ನಾನೂ ಹೋಗ್ಲಿಲ್ಲ."

ವಾರಿಜಾ ಅವಳ ಹಣೆಯನ್ನು ದಿಟ್ಟಿಸಿ ನೋಡಿದಳು. ಮೂರು ಬೆರಳಿನ ಮೂರು ಗೆರೆ, ಒಣಗಿ ಚರ್ಮಕ್ಕೆ ಕಚ್ಚಿಕೊಂಡಿದ್ದವು.

"ವಿಭೂತಿ ಎಲ್ಲಿಂದ ತರ್ತೀಯ?"

ದಾನಮ್ಮ ಗೂಡಿನಲ್ಲಿದ್ದ ವಿಭೂತಿ ಗಟ್ಟಿ ತೋರಿಸಿದಳು. ಪಕ್ಕದಲ್ಲಿ ನೀರಿನ ಬಟ್ಟಲು. ನೀರು ಹಾಕಿ ಉಜ್ಜಿ ಹಚ್ಚಿಕೊಳ್ಳುವ ಕ್ರಮ.

*

ವಾರಿಜಾಳ ಮೊದಲ ಅನುಮಾನ ಶಶಿಧರನ ಮೇಲೆ. ಹಾಕಿದವನಿಗೆ ತೆಗೆಯುವುದು ಕಷ್ಟವೇ? ಅವಳ ವೃತ್ತಿಯಲ್ಲಿ ಬೇಲಿಯೇ ಹೊಲ ಮೇಯ್ದ ಕತೆಗಳು ವಾರಕ್ಕೊಂದು ಸಿಗುತ್ತಿದ್ದವು. ಕೆಳಗಿಳಿದು ಅವನನ್ನೇ ಕೇಳಿದಳು.

"ಹಬ್ಬದ ಹಿಂದೆ ಮುಂದೆ ಈ ಕಡೆ ಬಂದಿದ್ರಾ?"

"ಇಲ್ಲ ಮೇಡಂ. ಗಣೇಶನ ಹಬ್ಬದ ಹೊತ್ತಿಗೆ ಹೊಸ ರ್ಯಾಮ್ ಹಾಕಿ ಹೋದೋನು ಇವತ್ತೇ ಬರ್ತಿರೋದು."

ಬಿಂದುಶ್ರೀ ಹೌದೆಂದಳು. ಪೂಜೆಯ ಹಿಂದಿನ ಸಂಜೆ ಕಂಪ್ಯೂಟರ್ ಸರಿಯಾಗೇ ಇತ್ತು, ತಾನೇ ಕೂತು ಆಟ ಆಡಿದ್ದೆ ಅಂದಳು.

ವಾರಿಜಾ ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ವಿಭೂತಿಯ ಅಡಿಯಲ್ಲಿ ಕೆಂಪು ಕಲೆ. ಯಾರೋ ಒದ್ದೆ ಬಟ್ಟೆಯಲ್ಲಿ ಕುಂಕುಮ ಒರೆಸಿದ್ದರು. ತಗಡು ಪೆಟ್ಟಿಗೆಗೆ ಸೇರುವ ಸಂದಿನಲ್ಲಿ ಇನ್ನೂ ಒಂಚೂರು ಕುಂಕುಮ ಉಳಿದಿತ್ತು.

"ಕುಂಕುಮ ಸರಿಯಾಗಿ ಎಲ್ಲಿಟ್ಟಿದ್ದೆ?"

"ಇಲ್ಲೇ ಆಂಟಿ. ಅರ್ಧ ತಗಡಿನ ಮೇಲೆ, ಅರ್ಧ ಪೆಟ್ಟಿಗೆ ಮೇಲೆ ಬಂದಿತ್ತು."

ಅಲ್ಲಿಗೆ ಒಂದು ಸಂಗತಿ ಖಚಿತವಾಯಿತು. ಪೆಟ್ಟಿಗೆ ತೆರೆದದ್ದು ಪೂಜೆಯ ನಂತರ. ತಗಡು ಸರಿದಾಗ ಕುಂಕುಮ ಕದಡಿತ್ತು. ಶಶಿಧರನ ಹೆಸರು ಬಿಟ್ಟುಹೋಯಿತು.

ಬಿಳಿಯ ಗುರುತನ್ನು ವಾರಿಜಾ ಮೆಲ್ಲಗೆ ಊದಿದಳು. ಹಿಟ್ಟಿನಂತೆ ಹಾರಿತು.

"ಪೂಜೆ ಆದ್ಮೇಲೆ ಮನೇಲಿ ಯಾರಿದ್ರು?"

"ನಾನೂ ಅಪ್ಪಾನೂ ಸಾರಕ್ಕಿಗೆ ದೊಡ್ಡಪ್ಪನ ಮನೆಗೆ ಹೋಗಿದ್ವಿ. ಅತ್ತೆ ಬರಲ್ಲ ಅಂದ್ರು."

ಸಂಜೀವಯ್ಯ ನಡುವೆ ಬಾಯಿ ಹಾಕಿದರು. "ಮೇಡಂ, ಪೇಪರಿಗೆ ಗೀಪರಿಗೆ ಹಾಕ್ಬೇಡಿ. ಆಟೋ ಕರೆಸಿದೀನಿ. ಅವಳು ಹೋಗ್ಲಿ, ನಾನು ಸ್ಟೇಷನ್ನಿಗೆ ಹೋಗಿ ಬರ್ತೀನಿ."

*

ಅಡುಗೆಮನೆಗೆ ಹೋಗುವ ದಾರಿಯಲ್ಲಿ ದೇವರ ಮನೆ, ಪೂಜೆ ತಟ್ಟೆಯಲ್ಲಿ ಕುಂಕುಮದ ಬಟ್ಟಲು, ಮಾದಪ್ಪನ ಬೆಟ್ಟದ ವಿಭೂತಿ ಪೊಟ್ಟಣ. ಅಕ್ಕಯಮ್ಮ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಹಣೆ ಬೋಳು, ಕೈ ಬೋಳು. ಹಬ್ಬದ ಸೀರೆಯೂ ಹಳೆಯದೇ. ವಾರಿಜಾ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಅಮ್ಮ, ನಿನ್ನೆ ಮಧ್ಯಾಹ್ನ ಇಲ್ಲಿಗೆ ಯಾರಾದ್ರೂ ಬಂದಿದ್ರಾ?"

"ಯಾರು ಬತ್ತಾರವ್ವ. ಯಾರೂ ಬರ್ನಿಲ್ಲ."

"ದಾನಮ್ಮ?"

ಸೊಪ್ಪಿನ ಕೈ ನಿಂತಿತು. "ಅವಳೂ ಬರ್ನಿಲ್ಲ. ಅವಳು ಬಂದು ಯಾವ ಕಾಲ ಆಯ್ತೋ."

"ಈ ಮಾತು ನಿಮ್ಮ ತಮ್ಮನ ಮುಂದೆ ಹೇಳ್ತೀರಾ?"

ಅಕ್ಕಯಮ್ಮ ತಲೆ ತಗ್ಗಿಸಿದರು. ಬಿಡಿಸಿದ ಸೊಪ್ಪನ್ನೇ ಮತ್ತೆ ಬಿಡಿಸತೊಡಗಿದರು. ದಾನಮ್ಮನ ರೊಟ್ಟಿ, ದಾನಮ್ಮನ ಊರು ಎಂದು ಬಾಯಿ ತುಂಬ ಮಾತಾಡುತ್ತಿದ್ದ ಹೆಂಗಸು, ಅವಳನ್ನು ಕಳ್ಳಿ ಅಂದಾಗ ಒಂದು ಮಾತೂ ಆಡಿರಲಿಲ್ಲ. ಯಾಕಾದರೂ ಕೆದಕಿದೆನೋ ಅನ್ನಿಸಿತು ವಾರಿಜಾಳಿಗೆ.

"ಅಮ್ಮ, ನೀವಾಗೇ ಹೇಳಿದ್ರೆ ಒಳ್ಳೇದು," ಎಂದು ಎದ್ದಳು. ಅಕ್ಕಯಮ್ಮ ಸೊಪ್ಪಿನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಹೇಗೆ? ಹೊರಗೆ ಆಟೋ ಬಂದು ನಿಂತಿತ್ತು.

*

ದಾನಮ್ಮನ ಟ್ರಂಕು ಜಗಲಿಯ ಮೇಲಿತ್ತು. ಸಂಜೀವಯ್ಯ ಸ್ಕೂಟರ್ ಹೊರಕ್ಕೆ ತಳ್ಳುತ್ತಿದ್ದರು. ಅಕ್ಕಯಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಸ್ವಲ್ಪ ನಿಲ್ಲಿ," ಎಂದಳು ವಾರಿಜಾ. "ಕಳ್ಳತನ ಮಾಡಿದೋರು ಬೇಗ ಓಡಿ ಹೋಗ್ತಾರೆ. ಯಾರಾದ್ರೂ ಕೂತ್ಕೊಂಡು ಕುಂಕುಮ ಒರೆಸಿ ವಿಭೂತಿ ಹಚ್ಚಿ ಹೋಗ್ತಾರಾ?"

"ಅದಕ್ಕೇ ಹೇಳಿದ್ದು. ವಿಭೂತಿ ಹಚ್ಚೋಳು ಇವಳೇ."

"ದಾನಮ್ಮನ ಹಣೆ ನೋಡಿ. ಒದ್ದೆ ವಿಭೂತಿ, ಮೂರು ಬೆರಳು. ಹುಟ್ಟಿದಾಗಿಂದ ಬಂದ ಅಭ್ಯಾಸ. ತಗಡಿನ ಮೇಲಿರೋದು ಒಣ ಪುಡಿ, ಒಂದೇ ಬೆರಳಲ್ಲಿ ಒತ್ತಿರೋದು. ನಿಮ್ಮ ದೇವರ ಮನೇಲಿ ಮಾದಪ್ಪನ ಬೆಟ್ಟದ ಪೊಟ್ಟಣ ಇದೆಯಲ್ಲ, ಆ ಪುಡಿ."

"ನಮ್ಮನೇಲಿ ನಾನಿಲ್ಲ, ಮಗಳಿಲ್ಲ. ಇನ್ಯಾರು?"

ವಾರಿಜಾ ಬಾಗಿಲ ಕಡೆ ನೋಡಲಿಲ್ಲ. "ಪೂಜೆ ಮಾಡಿದ ವಸ್ತು ಹಾಗೇ ಕದಡಿ ಬಿಡೋಕೆ ಮನಸ್ಸಾಗದೋರು. ಬಿಂದುಶ್ರೀ ಆಗಿದ್ರೆ ಮತ್ತೆ ಕುಂಕುಮಾನೇ ಇಡ್ತಿದ್ಲು. ಈ ಕೈ ಕುಂಕುಮದ ಬಟ್ಟಲು ಮುಟ್ಟೋ ಹಾಗಿಲ್ಲ. ಪೂಜೆ ತಟ್ಟೆಯಲ್ಲಿ ಮುಟ್ಟಬಹುದಾದದ್ದು ವಿಭೂತಿ ಒಂದೇ. ಪಟ್ಟಿ ಬಿಚ್ಚೋದು ಹೇಗೆ ಅಂತ ಆ ಕೈಗೆ ಗೊತ್ತು. ದಾನಮ್ಮ ರಿಪೇರಿ ಮಾಡೋವಾಗೆಲ್ಲ ಪಕ್ಕದಲ್ಲಿ ಬ್ಯಾಟರಿ ಹಿಡಿದಿದ್ದು ಆ ಕೈಯೇ."

ಅಕ್ಕಯಮ್ಮ ಒಳಗೆ ಹೋದರು. ದೇವರ ಪಟದ ಹಿಂದೆ ಕೈ ಹಾಕಿದ್ದು ಜಗಲಿಗೇ ಕಾಣುತ್ತಿತ್ತು. ಹೊರಗೆ ಬಂದಾಗ ಬಾಳೆ ಎಲೆಯ ತುಂಡಿನಲ್ಲಿ ಹಸಿರು ಪಟ್ಟಿ ಇತ್ತು.

"ಪೂಜೆ ಆದದ್ದು, ಕಾಲು ತಾಕೋ ಕಡೆ ಇಡಬಾರದು ಅಂತ ಅಲ್ಲಿಟ್ಟೆ," ಎಂದರು. "ಕೆಟ್ರೆ ಬಿಂದು ಮೇಲೆ ಓಡ್ತಾಳೆ, ಈ ಮಗಾ ಇಳಿದು ಬತ್ತಾಳೆ ಅಂದ್ಕೊಂಡೆ. ಅವಳು ಅಂಗಡಿಗೆ ಫೋನ್ ಮಾಡಿದ್ಲು. ಆಮೇಲೆ ಕಳ್ಳತನ ಅಂದ್ರಿ. ಬಾಯೇ ಬರ್ನಿಲ್ಲ ಸಂಜೀವ. ನಿನ್ನ ಮನೆ ಅನ್ನ ತಿಂತೀನಲ್ಲ, ಭಯ ಆಯ್ತು."

ಬಿಂದುಶ್ರೀ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಸಂಜೆಗಳಲ್ಲೆಲ್ಲ ತನ್ನ ಬೆನ್ನು ಅತ್ತೆಯ ಕಡೆಗೆ, ಮುಖ ಪರದೆಯ ಕಡೆಗೆ ಇರುತ್ತಿತ್ತು ಎಂಬುದು ಅವಳಿಗೆ ಅವತ್ತೇ ಹೊಳೆದಿರಬೇಕು. ಅಳು ಬಂತು, ಒಳಗೆ ಹೋದಳು.

"ಸುಮ್ಮನ ಬಾ ಅಂತ ಕರೀಬೇಕಿತ್ತಲ್ರಿ ಆಯಿ," ಎಂದಳು ದಾನಮ್ಮ.

"ಕೆಲಸ ಇಲ್ದೆ ಹೆಂಗವ್ವ ಕರೆಯೋದು? ಬಾ ಅಂದ್ರೆ, ಯಾಕೆ ಅಂತೀಯ. ಯಾಕೆ ಅಂದ್ರೆ ನಾನೇನು ಹೇಳಲಿ?"

ಸಂಜೀವಯ್ಯ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದರು. "ಆಗಿದ್ದು ಆಗೋಯ್ತು ತಾಯಿ. ತಪ್ಪು ನಂದು. ನಿಮ್ಮಣ್ಣನಿಗೆ ಯಾವ ಫೋನೂ ಹೋಗಲ್ಲ. ಇಲ್ಲೇ ಇರು."

"ನೀವು ನನ್ನ ಟ್ರಂಕ್ ಬಿಚ್ಚಿ ನೋಡೀರಲ್ರಿ. ಆ ಖೋಲಿಯೊಳಗ ನನಗ ಇನ್ನ ನಿದ್ದಿ ಬರಂಗಿಲ್ಲ." ದಾನಮ್ಮ ಅಕ್ಕಯಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸಿಟ್ಟಿತ್ತೋ ದುಃಖವಿತ್ತೋ, ಹೇಳುವುದು ಕಷ್ಟ. ಬಿ.ಟಿ.ಎಂ.ನಲ್ಲಿ ಗೆಳತಿಯ ರೂಮಿದೆ ಎಂದಳು. ಹೆಸರು ಉಳಿದಿತ್ತು, ಕೆಲಸ ಉಳಿದಿತ್ತು. ಆಟೋ ಹೊರಟಿತು.

ಶಶಿಧರ ಪಟ್ಟಿಯನ್ನು ಜಾಗಕ್ಕೆ ಒತ್ತಿದ. ಕಂಪ್ಯೂಟರ್ ಒಂದು ಸಣ್ಣ ಸದ್ದು ಮಾಡಿ ಎದ್ದಿತು. ಅದರ ಮುಂದೆ ಕೂರಲು ಯಾರೂ ಬರಲಿಲ್ಲ.

*

ಆ ಸುದ್ದಿಯನ್ನು ವಾರಿಜಾ ಪತ್ರಿಕೆಗೆ ಬರೆಯಲಿಲ್ಲ. ಕಳ್ಳಿಯನ್ನು ಹಿಡಿದ ಹೆಮ್ಮೆಯೂ ಆಗಲಿಲ್ಲ. ಪಕ್ಕದ ಕೋಣೆಗೆ ಬೀಗ ಬಿದ್ದಿತ್ತು. ಗೋಡೆಯಾಚೆಯ ಪಾತ್ರೆ ಸದ್ದು, ನಲ್ಲಿ ಸದ್ದು ನಿಂತ ಮೇಲೆಯೇ ಅವು ಇಷ್ಟು ದಿನ ಜೊತೆಗಿದ್ದವು ಎಂದು ಗೊತ್ತಾದದ್ದು.

ಮುಂದಿನ ವಾರದ ರಜೆಯ ದಿನ ಮಧ್ಯಾಹ್ನ ಅವಳು ಮೆಟ್ಟಿಲಿಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಇನ್‌ಸ್ಪೆಕ್ಟರುಗಳು ತಡಬಡಿಸುವಂತೆ ಪ್ರಶ್ನೆ ಕೇಳುವ ಹೆಂಗಸು, ಬಾಗಿಲಲ್ಲಿ ಸೆರಗು ಹಿಡಿದು ನಿಂತಳು.

"ಏನವ್ವ, ಏನ್ ಬೇಕಿತ್ತು?" ಎಂದರು ಅಕ್ಕಯಮ್ಮ.

ಸುಮ್ಮನೆ ಬಂದೆ ಅನ್ನಬೇಕೆಂದುಕೊಂಡೇ ಇಳಿದಿದ್ದಳು. ನಾಲಿಗೆ ಏಳಲಿಲ್ಲ.

"ಸ್ವಲ್ಪ ಹೆಪ್ಪು ಹಾಕೋಕೆ ಮೊಸರಿದ್ರೆ..."

ಅಕ್ಕಯಮ್ಮ ಅವಳನ್ನು ಒಂದು ಗಳಿಗೆ ನೋಡಿದರು.

"ನಿನ್ನ ಬಾಗಿಲಿಗೆ ಹಾಲಿನ ಪ್ಯಾಕೆಟ್ಟೇ ಬರಲ್ವಲ್ಲವ್ವ. ಹೆಪ್ಪು ಯಾತಕ್ಕೆ ಹಾಕ್ತೀಯ?"

ವಾರಿಜಾ ಸಿಕ್ಕಿಬಿದ್ದಿದ್ದಳು. ಅಕ್ಕಯಮ್ಮ ಮತ್ತೇನೂ ಕೇಳದೆ ಮಣೆ ಸರಿಸಿ ಹಾಕಿದರು.