ಮದುವೆ ಹೊದಿಕೆಗಳ ಕಳವು

ಮೌಸ್ ಹಿಡಿಯಲು ಎರಡೂ ಕೈ ಬೇಕಾಗುವ ಮುದುಕಿಯನ್ನು ವಿಭಾಗದ ಮುಖ್ಯಸ್ಥೆ ಮಾಡಿದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ದೇಗು ನಗರದ ಆ ಮದುವೆ ಹೊದಿಕೆಗಳ ಕಂಪನಿಯಲ್ಲಿ ಪ್ರೋಗ್ರಾಂ ಬರೆಯಬಲ್ಲವನು ತೇಗ್ಯು ಒಬ್ಬನೇ. ಅದನ್ನವನು ಯಜಮಾನ ಸೊಕ್ ಅವರಿಗೆ ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದ. ಆದರೂ ಕುರ್ಚಿ ಸಿಕ್ಕಿದ್ದು ಪ್ಯೋ ಮಾಲ್ಸುನ್‌ಗೆ. ಅವಳ ಸಾಧನೆಯಾದರೂ ಏನು? ಮೂವತ್ತು ವರ್ಷ ಕೂತು ಹೊದಿಕೆಯ ವಿನ್ಯಾಸಗಳಿಗೆ ನಂಬರು ಹಾಕಿದ್ದು!

ಅವಳಿಗೆ ಕಳ್ಳಿಯ ಪಟ್ಟ ಕಟ್ಟಿ ಹೊರದಬ್ಬಲು ಹನ್ನೆರಡು ಸಾಲಿನ ಸ್ಕ್ರಿಪ್ಟ್ ಸಾಕಾಯಿತು. ವಿನ್ಯಾಸಗಳೆಲ್ಲ ಕಂಪನಿಯ ವೆಬ್‌ಸೈಟಿನಲ್ಲಿದ್ದವು. ಉಳಿದವರು ಪಟ್ಟಿ ನೋಡಿ ಒಂದೊಂದನ್ನೇ ಒತ್ತಿ ಇಳಿಸಿಕೊಳ್ಳಬೇಕು. ಸ್ಕ್ರಿಪ್ಟಿಗೆ ಪಟ್ಟಿಯ ಹಂಗಿಲ್ಲ. ಒಂದು, ಎರಡು, ಮೂರು ಎಂದು ಎಂಟುನೂರರವರೆಗೆ ತಾನೇ ಕೇಳಿ ಇಳಿಸಿಕೊಳ್ಳುತ್ತದೆ. ಯಾವುದಾದರೂ ಸಿಗದಿದ್ದರೆ ತಕರಾರಿಲ್ಲದೆ ಮುಂದಿನದಕ್ಕೆ ಹೋಗುತ್ತದೆ. ಆ ಕೊನೆಯ ಸಾಲಿನ ಬಗ್ಗೆ ಅವನಿಗೆ ವಿಶೇಷ ಹೆಮ್ಮೆಯಿತ್ತು.

ಕಳ್ಳನಿಗೊಂದು ಪಿಳ್ಳೆ ನೆವ, ಇವನಿಗೆ ಪ್ರಿಂಟರು.

"ಮೇಡಂ, ಸ್ವಲ್ಪ ಏಳ್ತೀರಾ? ನಿಮ್ಮ ಪ್ರಿಂಟರ್ ಸರಿ ಮಾಡಿಕೊಡ್ತೀನಿ."

"ಮಾಡಪ್ಪಾ ಪುಣ್ಯಾತ್ಮ. ಈ ಡಬ್ಬಿ ನನ್ನ ಮಾತು ಕೇಳೋದೇ ಇಲ್ಲ," ಎಂದು ಮಾಲ್ಸುನ್ ಬಾರ್ಲಿ ಚಹಾ ತರಲು ಹೋದಳು.

ಐದೇ ನಿಮಿಷದಲ್ಲಿ ಸ್ಕ್ರಿಪ್ಟು ಅವಳ ಕಂಪ್ಯೂಟರಿನಲ್ಲಿ, ಅವಳ ಹೆಸರಿನಲ್ಲೇ, ಪರದೆಯ ಮೇಲೆ ಕಾಣದಂತೆ ಓಡತೊಡಗಿತು. ಕೈಯಿಂದ ಒತ್ತಿದಂತೆ ಕಾಣಲೆಂದು ಒಮ್ಮೆ ಹತ್ತು ಸೆಕೆಂಡು, ಒಮ್ಮೆ ಮೂವತ್ತು ಬಿಡುವು ಕೊಟ್ಟಿದ್ದ. ಊಟದ ಹೊತ್ತಿಗೆ ನಿಲ್ಲುವಂತೆಯೂ ಮಾಡಿದ್ದ. ಸೂಪಿನ ಬಟ್ಟಲು ಬಿಟ್ಟು ಆ ಮುದುಕಿ ಕದಿಯಲು ಕೂತಳೆಂದರೆ ಯಾರೂ ನಂಬುವುದಿಲ್ಲ. ಇಷ್ಟೆಲ್ಲ ಯೋಚಿಸುವ ತಲೆಗೆ ಕುರ್ಚಿ ಸಿಗಲಿಲ್ಲವಲ್ಲ ಎಂದು ಅವನಿಗೇ ಮರುಕವಾಯಿತು.

ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ, ಮೂರಕ್ಕೂ ಐದಕ್ಕೂ ನಡುವೆ ಇದ್ದ 'ಎಫ್' ಗುಂಡಿಯನ್ನು ದಿನದಂತೆ ಒತ್ತಿ ಮೇಲೆ ಬಂದ. ಯಾರು ಯಾವ ನಂಬರು ಕೇಳಿದರೆಂದು ಬರೆದಿಡುವ ವೆಬ್‌ಸೈಟಿನ ದಾಖಲೆಯನ್ನು ಅಚ್ಚು ಹಾಕಿ ಯಜಮಾನರ ಮುಂದಿಟ್ಟ.

"ಹೇಳೋಕೇ ಸಂಕಟ ಆಗುತ್ತೆ ಸರ್. ಮೇಡಂ ಎಲ್ಲಾ ವಿನ್ಯಾಸನೂ ಬಾಚ್ಕೊಂಡಿದಾರೆ, ಹೊರಗಡೆ ಮಾರೋಕೇ ಇರಬೇಕು. ಪಟ್ಟಿ ಇಟ್ಕೊಂಡು, ಒಂದೊಂದೇ ಒತ್ತಿ ಒತ್ತಿ."

ಸೊಕ್ ಮಾಲ್ಸುನ್‌ಳನ್ನು ಕರೆಸಿದರು. ಅವಳು ಕನ್ನಡಕ ಏರಿಸಿ ಹಾಳೆಯ ಮೇಲೆ ಬೆರಳಾಡಿಸಿದಳು. ಬೆರಳು ನಾಲ್ಕನೇ ಸಾಲಿನಲ್ಲೇ ನಿಂತಿತು. "ಇದೇನು, ನಾಲ್ಕನೇ ನಂಬರ್ ಕೇಳಿದೀನಂತೆ? ಹದಿನಾಲ್ಕು, ಇಪ್ಪತ್ನಾಲ್ಕೂ ಇದೆ! ಅಲ್ಲಪ್ಪಾ ತೇಗ್ಯು, ಮದುವೆ ಹೊದಿಕೆಗೆ ಯಾರಾದ್ರೂ, ನಮ್ಮ ಮಾತಲ್ಲಿ 'ಸಾವು' ಅಂದ ಹಾಗೇ ಕೇಳಿಸೋ ಆ ಅಪಶಕುನದ ನಂಬರ್ ಹಾಕ್ತಾರಾ? ನಮ್ಮ ಲಿಫ್ಟಿಗೇ ಹಾಕಿಲ್ಲ. ನಾನು ಯಾವತ್ತೂ ಹಾಕಿಲ್ಲ, ಪಟ್ಟೀಲೂ ಇಲ್ಲ. ಇಲ್ಲದೇ ಇರೋದನ್ನ ಹೇಗಪ್ಪಾ ಒತ್ತಲಿ?" ಸೊಕ್ ಹಾಳೆಯನ್ನು ಕೆಳಗಿಟ್ಟು, ಕಂಪನಿಯಲ್ಲಿ ಪ್ರೋಗ್ರಾಂ ಬರೆಯಬಲ್ಲ ಒಬ್ಬನೇ ಒಬ್ಬನ ಕಡೆಗೆ ತಿರುಗಿದರು.