ಹದಿನಾಲ್ಕನೇ ಪುಟದ ಹುಡುಗ

ಗೋವರ್ಧನ ಇಸ್ತ್ರಿ ಶರ್ಟ್ ಹಾಕಿಕೊಂಡು ಕುರಿ ಮೇಯಿಸಲು ಹೋದದ್ದು ಜೀವಮಾನದಲ್ಲಿ ಒಂದೇ ವಾರ. ಅದಕ್ಕೆ ಕಾರಣ ಅವನ ಸೋದರಮಾವ ಕಾಟಯ್ಯ.

"ಲೇ, ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬಂದೈತೆ. ಈ ವಾರದಾಗೆ ಹೇಳದೆ ಕೇಳದೆ ಯಾರನ್ನಾದ್ರೂ ಕಳಿಸಿ ನಿನ್ನ ನೋಡಿಸ್ತಾರೆ. ಯಾರಾದ್ರೂ ಬಂದು ಏನಾದ್ರೂ ಕೇಳಿದ್ರೆ ನೆಟ್ಟಗೆ ಉತ್ತರ ಕೊಡು. ಮಕ ಗಂಟು ಹಾಕ್ಕಬ್ಯಾಡ," ಎಂದು ಕಾಟಯ್ಯ ಎಚ್ಚರಿಸಿದ್ದ.

ಇದೇನು ಹೊಸದಲ್ಲ. ಹುಡುಗಿ ತೋರಿಸುವ ಮುಂಚೆ ಗುರುತಿಲ್ಲದವರು ಒಬ್ಬರು ನೀರು ಕೇಳುವ ನೆಪದಲ್ಲಿ ಬಂದು ಹುಡುಗನ ನಡೆನುಡಿ ನೋಡಿಕೊಂಡು ಹೋಗುತ್ತಾರೆ. ಗೋವರ್ಧನನನ್ನು ಹೀಗೆ ನಾಲ್ಕು ಕಡೆಯವರು ನೋಡಿ ಹೋಗಿದ್ದರು. ಹುಡುಗ ಲಕ್ಷಣವಾಗಿದ್ದಾನೆ, ಡಿಗ್ರಿ ಓದಿದ್ದಾನೆ, ಬೀಡಿ ಸಹಾ ಸೇದುವುದಿಲ್ಲ, ಎಲ್ಲಾ ಸರಿ. ಆದರೆ ಕುರಿ ಕಾಯುತ್ತಾನಲ್ಲ! ನಾಲ್ಕು ಕಡೆಯವರದೂ ಒಂದೇ ರಾಗ.

ಗುರುವಾರ ಹಿರಿಯೂರಿನಾಚೆ, ವೇದಾವತಿ ದಂಡೆಯ ಹೊಂಗೆ ಮರದ ಹತ್ತಿರ ಒಂದು ಸ್ಕೂಟಿ ನಿಂತಿತು. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಇಳಿದು, ಕೆನ್ನೆಗೆ ಅಂಟಿದ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಾ ನೇರವಾಗಿ ಅವನ ಕಡೆಗೇ ಬಂದಳು. ಗೋವರ್ಧನ ಶರ್ಟಿನ ಕಾಲರ್ ಸರಿಮಾಡಿಕೊಂಡ.

"ಗೋವರ್ಧನ ಅಂದ್ರೆ ನೀವೇನಾ?"

"ಹೌದ್ರಿ. ಬರ್ರಿ, ಕುಂತ್ಕಳ್ರಿ." ಅವಸರದಲ್ಲಿ ಕಂಬಳಿ ಹಾಸಿದ.

ಅವಳು ಕೂತು, ನೋಟ್‌ಬುಕ್ ತೆರೆದು, ಪೆನ್ಸಿಲ್ ಹಿಡಿದಳು. ಅಬ್ಬಾ, ಬರೆದುಕೊಂಡೇ ಹೋಗುವವರು ಇದೇ ಮೊದಲು!

"ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?"

"ಐದಕ್ಕೆ." ಕಡಿಮೆಯಾಯಿತೇನೋ ಅನ್ನಿಸಿ, "ಬೇಕಂದ್ರೆ ನಾಲ್ಕಕ್ಕೂ ಏಳ್ತೀನಿ," ಎಂದು ಸೇರಿಸಿದ.

"ಬುತ್ತಿಗೆ ಏನು ತರ್ತೀರಿ?"

"ಮುದ್ದೆ, ಸಾರು. ಇಂಥದ್ದೇ ಆಗ್ಬೇಕು ಅಂತ ಹಠ ಇಲ್ರಿ. ಏನು ಮಾಡಿಕ್ಕಿದ್ರೂ ಉಣ್ತೀನಿ."

ಅವಳ ತುಟಿಯ ತುದಿ ಸ್ವಲ್ಪ ಅಲುಗಿತು. "ಈ ಕೆಲಸದಾಗೆ ನಿಮಗೆ ಇಷ್ಟ ಆಗೋದು ಏನು?"

ಇಪ್ಪತ್ತೆಂಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ಶರ್ಟು ಮರೆತ, ಸಂಬಂಧ ಮರೆತ. ಯಾವ ಸೊಪ್ಪು ತಿಂದರೆ ಕುರಿಯ ಹೊಟ್ಟೆ ಉಬ್ಬರಿಸುತ್ತದೆ, ಮಳೆ ಬರುವ ಮುಂಚೆ ಹಿಂಡು ಹೇಗೆ ಒತ್ತಾಗಿ ನಿಲ್ಲುತ್ತದೆ ಎಂದೆಲ್ಲಾ ಅರ್ಧ ಗಂಟೆ ಹೇಳಿದ. ಅವಳು ಬರೆಯುವುದನ್ನೂ ಬಿಟ್ಟು ಅವನ ಮುಖವನ್ನೇ ನೋಡುತ್ತಾ ಕೇಳಿದಳು. ಆ ಕಣ್ಣು ನೋಡಿ ಅವನಿಗೆ ಧೈರ್ಯ ಬಂತು.

"ಇನ್ನೊಂದು ಮಾತು ಹೇಳಿಬಿಡ್ರಿ ಅವರಿಗೆ. ಮನೇಲಿ ಅಜ್ಜಿ ಒಬ್ಬಳೇ ಇರೋದು. ಬಂದ ಹುಡುಗಿ ಮುಂದಕ್ಕೆ ಓದ್ತೀನಿ ಅಂದ್ರೆ ಓದ್ಲಿ, ಕೆಲಸಕ್ಕೆ ಹೋಗ್ತೀನಿ ಅಂದ್ರೆ ಹೋಗ್ಲಿ."

ಪೆನ್ಸಿಲ್ ನಿಂತಿತು. "ಯಾವ ಹುಡುಗಿ?"

"ಹೊಸದುರ್ಗದ... ನೀವು ಹುಡುಗಿ ಕಡೆಯೋರು ಅಲ್ವಾ?"

ಅವಳು ನೋಟ್‌ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕಳು ನೋಡಿ, ಹತ್ತಿರದ ನಾಲ್ಕು ಕುರಿ ಬೆದರಿ ಓಡಿದವು. ಗೋವರ್ಧನನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಸಾರಿ ಸಾರಿ," ಎಂದು ಅವಳು ಕಣ್ಣು ಒರೆಸಿಕೊಂಡಳು. "ನಾನು ಕಾವ್ಯಶ್ರೀ. ಚಿತ್ರದುರ್ಗದೋಳು. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತೀನಿ, ಕತೇನೂ ಬರೀತೀನಿ. ದೊಡ್ಡೋರಾದ್ಮೇಲೆ ಏನೇನು ಕೆಲಸ ಮಾಡಬಹುದು ಅಂತ ಚಿಕ್ಕ ಮಕ್ಕಳಿಗೆ ತೋರಿಸೋ ಪುಸ್ತಕ. ಅಂಗಡೀಲಿ ಸಿಗೋವೆಲ್ಲಾ ನೋಡಿ, ಬರೀ ಡಾಕ್ಟರು, ಪೈಲಟ್ಟು. ನಮ್ಮ ಕಡೆ ಮಕ್ಕಳು ದಿನಾ ಕಾಣೋ ಜನ ಅದರಾಗೆ ಒಬ್ಬರೂ ಇಲ್ಲ. ಅದಕ್ಕೇ ದುರ್ಗದ ನರ್ಸಮ್ಮ, ಹಿರಿಯೂರಿನ ಬಸ್ ಡ್ರೈವರು, ತೆಂಗಿನಕಾಯಿ ಕೀಳೋರು ಎಲ್ಲರನ್ನೂ ನೋಡ್ಕೊಂಡು ಬರೆದೀನಿ. ಹದಿನಾಲ್ಕನೇ ಪುಟ ಕುರಿ ಕಾಯೋರದು. ಹಿರಿಯೂರಿನಾಗೆ ಕೇಳಿದ್ರೆ ನಿಮ್ಮ ಹೆಸರು ಹೇಳಿದ್ರು."

"ಕುರಿ ಕಾಯೋದನ್ನ ಪುಸ್ತಕದಾಗೆ ಹಾಕ್ತಾರಾ?"

"ಹಾಕೋಳು ನಾನು," ಎಂದಳು ಕಾವ್ಯಶ್ರೀ.

ಅವಳು ಮತ್ತೆ ಬಂದಳು. ಆಮೇಲೆ ಮತ್ತೂ ಬಂದಳು. ಎರಡನೇ ಸಲ ಅವಳು ತೋರಿಸಿದ ಚಿತ್ರ ನೋಡಿ ಗೋವರ್ಧನನಿಗೆ ನಗು ತಡೆಯಲಾಗಲಿಲ್ಲ.

"ಇವು ಯಾವ ಊರಿನ ಕುರಿ ಮೇಡಂ? ಹಿಂಗೆ ಬೆಳ್ಳಗೆ, ಹತ್ತಿ ಉಂಡೆ ಇದ್ದಂಗೆ? ತಿರುಗಿ ನೋಡ್ರಿ. ಕರೇವು, ಕಂದು, ಮಚ್ಚೇವು. ಬಿಳೇದು ಒಂದಾದ್ರೂ ಕಾಣ್ತೈತಾ?"

ಕಾವ್ಯಶ್ರೀ ಹಿಂಡನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿ ನಾಲಿಗೆ ಕಚ್ಚಿಕೊಂಡಳು. ಚಿಕ್ಕಂದಿನಿಂದ ಪುಸ್ತಕದಲ್ಲಿ ಕಂಡ ಕುರಿಯನ್ನೇ ಕೈ ಬರೆದಿತ್ತು. ಹಾಳೆ ಹರಿದು ಮತ್ತೆ ಶುರು ಮಾಡಿದಳು. ಕಂಬಳಿಯನ್ನು ಶಾಲಿನ ಹಾಗೆ ಹೊದಿಸಿದ್ದಳು, ಅದನ್ನೂ ಅಳಿಸಿದಳು. ಅವನು ಕಂಬಳಿ ಮಡಚಿ ತಲೆಯ ಮೇಲೆ ಕೊಪ್ಪೆ ಹಾಕಿ ತೋರಿಸಿದ, ಅವಳು ತಾನೂ ಹಾಕಿಕೊಂಡು ನೋಡಿದಳು. ಆ ಕರಿಯ ಕೊಪ್ಪೆಯೊಳಗಿಂದ ಇಣುಕಿದ ಮುಖ ಕಂಡು ಗೋವರ್ಧನ ಕುರಿ ಎಣಿಸುವವನಂತೆ ಆ ಕಡೆ ತಿರುಗಿಕೊಂಡ.

ಒಂದು ಸಂಜೆ ಅವಳು ಅವನ ಜೊತೆ ಮನೆ ಮುಂದೆ ಕುರಿ ಕೂಡುವ ರೊಪ್ಪದವರೆಗೂ ನಡೆದು ಬಂದಳು. ಹಗಲೆಲ್ಲಾ ರೊಪ್ಪದೊಳಗಿದ್ದ ಮರಿಗಳು, ತಾಯಂದಿರು ಬಂದ ಸದ್ದು ಕೇಳಿ ಒಟ್ಟಿಗೇ ಅರಚಿಕೊಂಡವು. ಬಾಗಿಲ ತಡಿಕೆ ತೆಗೆದದ್ದೇ ತಡ, ಗಲಿಬಿಲಿ ಎದ್ದಿತು. ಗೋವರ್ಧನ ಅದರ ನಡುವೆ ನಿಂತು ಒಂದೊಂದೇ ಮರಿ ಎತ್ತಿ, ಮುಖ ನೋಡಿ, ಅದರದರ ತಾಯಿಯ ಹತ್ತಿರ ಬಿಡುತ್ತಾ ಹೋದ. ಒಂದೂ ತಪ್ಪಲಿಲ್ಲ.

"ಎಲ್ಲಾ ಒಂದೇ ಥರ ಅವೆ! ಹೆಂಗೆ ಗೊತ್ತಾಗುತ್ತೆ ನಿಮಗೆ?"

"ನಮ್ಮ ಕ್ಲಾಸಿನ ಹುಡುಗ್ರು ನಮಗೆ ಗೊತ್ತಾಗಲ್ವಾ, ಹಂಗೇ."

ಕಾವ್ಯಶ್ರೀ ಬೇಲಿಗೆ ಒರಗಿ ನಿಂತೇಬಿಟ್ಟಳು. ಎಷ್ಟೋ ಕೆಲಸದವರನ್ನು ನೋಡಿ ಬಂದವಳು ಅವಳು, ಸುಲಭಕ್ಕೆ ಬೆರಗಾಗುವವಳಲ್ಲ. "ಇದು ಎಂಥಾ ದೊಡ್ಡ ವಿದ್ಯೆ ಅಂತ ನಿಮಗೇ ಗೊತ್ತಿಲ್ಲ ಗೋವರ್ಧನ," ಎಂದಳು. ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು. ಅವಳ ಕಣ್ಣಲ್ಲಿದ್ದ ಮೆಚ್ಚುಗೆ ಅವನ ಎದೆಗೆ ಹೋಗಿ ನಾಟಿತು, ಮರಿಯೊಂದು ಕೈಯಲ್ಲೇ ಉಳಿದುಹೋಯಿತು.

ಜಗಲಿಯ ಮೇಲೆ ಕೂತಿದ್ದ ಅಜ್ಜಿ ಮುದ್ದಕ್ಕ ಇದನ್ನೆಲ್ಲಾ ನೋಡಿದಳು. ಕಣ್ಣಿಗೆ ಪೊರೆ ಬಂದಿತ್ತು, ಆದರೂ ಕಾಣಬೇಕಾದ್ದು ಅವಳಿಗೆ ಕಂಡಿತು.

ಮಾರನೇ ವಾರ ಕಾವ್ಯಶ್ರೀ ಬಂದಾಗ ಕಾಟಯ್ಯನೂ ಅಲ್ಲೇ ಇದ್ದ. ಹೊಸದುರ್ಗದವರು ಯಾವಾಗಲೋ ಬಂದು ಹುಡುಗನನ್ನು ನೋಡಿ ಹೋಗಿದ್ದರು. ಒಪ್ಪಿಗೆಯಂತೆ, ಆದರೆ ಒಂದು ಷರತ್ತು. ಕುರಿಯೆಲ್ಲಾ ಮಾರಬೇಕು, ದುರ್ಗದ ಬೈಕ್ ಶೋರೂಮಿನಲ್ಲಿ ಅವರೇ ಕೊಡಿಸುವ ಕೆಲಸಕ್ಕೆ ಸೇರಬೇಕು. ಭಾನುವಾರದೊಳಗೆ ಉತ್ತರ ಹೇಳಬೇಕು.

"ಇದೂ ಕೈ ತಪ್ಪಿದ್ರೆ ನಿನಗೆ ಹೆಣ್ಣು ಕೊಡೋರು ಇಲ್ಲ ಕಣಲೇ," ಎಂದು ಹೇಳಿ ಕಾಟಯ್ಯ ಬಸ್ಸಿಗೆ ಹೊರಟ.

ಕಾವ್ಯಶ್ರೀ ಚೀಲದಿಂದ ತೆಗೆದ ಪೆನ್ಸಿಲನ್ನು ಮತ್ತೆ ಒಳಗಿಟ್ಟಳು. "ನೀವು ಏನು ಹೇಳ್ತೀರಿ?"

"ಏನು ಹೇಳಲಿ? ಅಜ್ಜಿಗೂ ವಯಸ್ಸಾತು..."

"ಹಂಗಾದ್ರೆ ಹದಿನಾಲ್ಕನೇ ಪುಟ ತೆಗೀಬೇಕು. ಮಾಡೋರೇ ನಾಚಿಕೊಂಡು ಬಿಟ್ಟುಹೋದ ಕೆಲಸನ ಮಕ್ಕಳಿಗೆ ಯಾವ ಬಾಯಲ್ಲಿ ಹೇಳ್ಲಿ?"

ಗೋವರ್ಧನನಿಗೂ ಸಿಟ್ಟು ಬಂತು. "ನಿಮಗೇನ್ರಿ, ನೀವು ಬರಕೊಂಡು ಹೋಗ್ತೀರಿ. ನಾನು ನಿಮಗೆ ಒಂದು ಪುಟ, ಅಷ್ಟೇ ತಾನೆ?"

ಅವಳ ಮುಖ ಬಾಡಿತು. ಚೀಲ ಹೆಗಲಿಗೇರಿಸಿ ಸ್ಕೂಟಿ ಹತ್ತಿದಳು.

ಭಾನುವಾರದವರೆಗೆ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಮದುವೆ ಬೇಡವೆಂದಲ್ಲ, ಮನೆಗೊಂದು ಜೀವ ಬೇಕೆಂದು ಅವನಿಗೂ ಆಸೆಯಿತ್ತು. ಆದರೆ ಸಂಜೆ ರೊಪ್ಪದ ತಡಿಕೆ ತೆಗೆದಾಗ ಕಾಲಿನ ಸುತ್ತ ಮರಿಗಳು ಮುತ್ತಿಕೊಂಡವು. ಇವುಗಳ ತಾಯಿ ಯಾರೆಂದು ಕೊಂಡವನಿಗೆ ಹೇಗೆ ಗೊತ್ತಾಗಬೇಕು? ಕಾವ್ಯಶ್ರೀ ನಿಂತಿದ್ದ ಬೇಲಿಯ ಕಡೆ ನೋಡಿದ. ಅವಳು ಇನ್ನು ಬಾರದೇ ಹೋದರೂ, ಇದು ದೊಡ್ಡ ವಿದ್ಯೆ ಎಂದು ಅವಳು ಹೇಳಿದ ಮಾತು ಸುಳ್ಳಾಗುವುದಿಲ್ಲ ಅನ್ನಿಸಿತು. ಅಲ್ಲೇ ನಿಂತು ಕಾಟಯ್ಯನಿಗೆ ಫೋನು ಮಾಡಿದ.

"ಮಾವ, ಕುರಿ ಮಾರಲ್ಲ. ಕುರಿ ಜೊತೆಗೆ ಒಪ್ಪೋರಿದ್ರೆ ಬರ್ಲಿ. ಇಲ್ಲಾಂದ್ರೆ ನಾನು ಹಿಂಗೇ ಇರ್ತೀನಿ."

ಕಾಟಯ್ಯ ಬಾಯಿಗೆ ಬಂದಂತೆ ಬೈದು ಫೋನಿಟ್ಟ. ಗೋವರ್ಧನನಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಮೂರು ತಿಂಗಳು ಕಳೆಯಿತು. ಅವಳ ನಂಬರ್ ಫೋನಿನಲ್ಲಿತ್ತು, ಒತ್ತಲು ಧೈರ್ಯ ಬರಲಿಲ್ಲ. ಒಂದು ಮಧ್ಯಾಹ್ನ ಅವನು ಹರಿದ ಬನಿಯನ್ನಿನಲ್ಲಿ, ಕೈತುಂಬಾ ಗೊಬ್ಬರ ಮೆತ್ತಿಕೊಂಡು ರೊಪ್ಪ ಬಳಿಯುತ್ತಿದ್ದಾಗ ಬೇಲಿಯಾಚೆ ಸ್ಕೂಟಿ ನಿಂತಿತು.

ಕಾವ್ಯಶ್ರೀ ಬಂದವಳೇ ಹೊಸ ಪುಸ್ತಕ ತೆರೆದು ಅವನ ಮುಂದೆ ಹಿಡಿದಳು. ಹದಿನಾಲ್ಕನೇ ಪುಟ. ಕರಿಯ ಕುರಿ, ಕಂದು ಕುರಿ, ನಡುವೆ ಮರಿಯೊಂದನ್ನು ಎತ್ತಿ ಅದರ ಮುಖ ನೋಡುತ್ತಿರುವ ಕೊಪ್ಪೆಯ ಹುಡುಗ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಇವರಿಗೆ ಎಲ್ಲರ ಮುಖವೂ ಗೊತ್ತು.'

"ಪುಟ ತೆಗೀತೀನಿ ಅಂದಿದ್ರಿ..."

"ತೆಗೆಯೋಕೆ ಕೈ ಬರಲಿಲ್ಲ. ಹೊಳಲ್ಕೆರೆ ಇಸ್ಕೂಲಿನಾಗೆ ಮಕ್ಕಳಿಗೆ ಓದಿದೆ. ಒಂದು ಹುಡುಗಿ ಎದ್ದು ನಿಂತು, ಮಿಸ್, ಇವರನ್ನ ನೋಡೋಕೆ ಕರ್ಕೊಂಡು ಹೋಗ್ರಿ ಅಂದ್ಲು."

ಗೋವರ್ಧನ ಗೊಬ್ಬರದ ಕೈ ಹಿಂದಕ್ಕೆ ಕಟ್ಟಿಕೊಂಡು ಆ ಪುಟವನ್ನು ನೋಡುತ್ತಲೇ ಇದ್ದ. ಅಷ್ಟರಲ್ಲಿ ಕಾವ್ಯಶ್ರೀ ಚೀಲದಿಂದ ಹಳೆಯ ನೋಟ್‌ಬುಕ್ ತೆಗೆದು, ಬಂಡೆಯ ಮೇಲೆ ಕೂತು, ಪೆನ್ಸಿಲ್ ಹಿಡಿದಳು.

"ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?"

"ಅವತ್ತೇ ಹೇಳಿದ್ನಲ್ರಿ."

"ಅವತ್ತು ಪುಸ್ತಕಕ್ಕೆ ಕೇಳಿದ್ದು." ಅವಳು ತಲೆ ಎತ್ತಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು. "ಇವತ್ತು ಹುಡುಗಿ ಕಡೆಯಿಂದ ಬಂದೀನಿ. ಕುರಿ ಜೊತೆಗೆ ಒಪ್ಪೋರಿದ್ರೆ ಬರ್ಲಿ ಅಂದ್ರಂತಲ್ಲ. ಅಜ್ಜಿ ನಿಮ್ಮ ಫೋನಿಂದ್ಲೇ ಯಾರ ಕೈಲೋ ಫೋನ್ ಮಾಡಿಸಿದ್ರು."

ಗೋವರ್ಧನ ತಿರುಗಿ ನೋಡಿದ. ಜಗಲಿಯ ಮೇಲೆ ಮುದ್ದಕ್ಕ ಏನೂ ಅರಿಯದವಳಂತೆ ಅವರೆಕಾಯಿ ಸುಲಿಯುತ್ತಿದ್ದಳು.

"ಹುಡುಗಿ... ಹುಡುಗಿ ಯಾರು?" ಅವನ ದನಿ ಅವನಿಗೇ ಕೇಳಲಿಲ್ಲ.

"ಎಲ್ಲರ ಮುಖಾನೂ ಗೊತ್ತು ಅಂತ ಬರೆದೀನಿ. ಇಷ್ಟೂ ಗೊತ್ತಾಗಲ್ವಾ?" ಎಂದು ಕಾವ್ಯಶ್ರೀ ಈಗ ತಲೆ ಎತ್ತಿದಳು.

ಗೊತ್ತಾಯಿತು. ಅವನು ತನ್ನ ಬನಿಯನ್ ನೋಡಿಕೊಂಡ, ಕೈ ನೋಡಿಕೊಂಡ, ಗಾಬರಿಯಾಗಿ ಮನೆಯ ಕಡೆ ಹೆಜ್ಜೆ ಹಾಕಿದ. "ಒಂದು ನಿಮಿಷ ತಾಳ್ರಿ. ಇಸ್ತ್ರಿ ಶರ್ಟ್ ಹಾಕ್ಕೊಂಡು ಬರ್ತೀನಿ."

"ಬ್ಯಾಡ," ಎಂದಳು ಅವಳು, ಬಂಡೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡುತ್ತಾ. "ಹಿಂಗೇ ಬಂದು ಕುಂತ್ಕಳ್ರಿ."